ಎದುರು ಸಾಲು ಹಿಡಿದ ತಪ್ಪಿಗೆ

ನಮ್ಮೂರಿನ ಮಕ್ಕಳ ಬುದ್ಧಿ ಅಳೆದು ಹೋದ ಶಾಲಾ ತಪಾಸಣೆಯ ಸಾಹೇಬರಿಗೆ,

ಮಾನ್ಯರೇ, ಪಾಮನಕಲ್ಲೂರಿನಲ್ಲಿ ಅರ್ಧ ದಿನ ಕುಳಿತು ನನ್ನ ತಂಗಿ ಗದ್ದೆಮ್ಮನನ್ನು ಕಳ್ಳಿ ಎಂದೂ ಅವಳ ಗೆಳತಿ ಮಾಸುಂಬಿಯನ್ನು ಮಂದಬುದ್ಧಿಯವಳೆಂದೂ ತೀರ್ಮಾನಿಸಿದಿರಿ. ಲಿಂಗಸುಗೂರಿನ ದೊಡ್ಡ ಶಾಲೆಗೆ ಹೋಗಬೇಕಿದ್ದ ಇಬ್ಬರೂ ಈಗ ಮನೆಯಲ್ಲಿದ್ದಾರೆ. ಇದು ಪರೀಕ್ಷೆಯೋ, ಶಿಕ್ಷೆಯೋ?

ನಡೆದದ್ದನ್ನು ಎಲ್ಲರೂ ಕೇಳಲಿ. ವಿಲಾಯತಿಯ ಮಕ್ಕಳಿಗೆಂದು ಮಾಡಿದ ಮರದ ಹಲಗೆಗಳನ್ನು ನೀವು ತಂದಿರಿ. ಅವುಗಳ ಕುಳಿಗಳಿಗೆ ಹೊಂದುವ ತುಂಡುಗಳನ್ನು ಕೂಡಿಸಬೇಕು. ಕೈಯಲ್ಲಿ ಗಡಿಯಾರ, ಬಾಯಲ್ಲಿ ಸರಕಾರದ ಶುದ್ಧ ಉರ್ದು. ಗದ್ದೆಮ್ಮನಿಗೆ ಉರ್ದು ಬಾರದು. ನಿಮ್ಮ ಕೈಸನ್ನೆ ನೋಡಿಯೇ ಊಹಿಸಿಕೊಂಡಳು. ಮಾಸುಂಬಿಗಾದರೂ ತಿಳಿಯಿತೆಂದು ನಂಬಿದಿರಲ್ಲ, ಅವಳ ಮಾತು ಕೇಳಿ: "ನಮ್ಮ ಮನ್ಯಾಗ ಮಾತಾಡೋದು ಉರ್ದು ಅಂತ ತಿಳ್ಕೊಂಡಿದ್ದೆ ರೀ. ಸಾಹೇಬ್ರು ಬಾಯಿ ತೆಗೆದ ಮ್ಯಾಲ ಗೊತ್ತಾತು, ಅದಲ್ಲ ಅಂತ!"

ಗದ್ದೆಮ್ಮ ಬೇಗ ಮುಗಿಸಿದಳು. ಮುಗಿಸಿದವಳೇ ಪಕ್ಕದ ಮಾಸುಂಬಿಯ ಹಲಗೆಗೆ ಕೈಹಾಕಿ ಕೊನೆಯ ಕುಳಿಯಿಂದ ತುಂಬುತ್ತ ಬಂದಳು. ನೀವು "ಚೋರ್!" ಎಂದು ಕೂಗಿ ಎರಡೂ ಹಲಗೆ ಕಸಿದುಕೊಂಡಿರಿ.

ಸಾಹೇಬರೇ, ನೀವು ಎಂದಾದರೂ ಕಳೆ ತೆಗೆದಿದ್ದೀರಾ? ನಮ್ಮ ಜೋಳದ ಹೊಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಮೊದಲು ಮುಗಿಸಿದವಳು ಬದುವಿನ ಮೇಲೆ ಕೂರುವುದಿಲ್ಲ. ಹಿಂದೆ ಬಿದ್ದವಳ ಸಾಲನ್ನು ಎದುರು ತುದಿಯಿಂದ ಹಿಡಿಯುತ್ತಾಳೆ. ಕೂತರೆ ನಮ್ಮವ್ವ ಬಿಟ್ಟಾಳೆಯೇ? "ಏನಬೇ, ಸಾಹೇಬ್ರ ಮಗಳೇನು ನೀ? ಏಳು, ಆಕಿಗಿ ಎದುರು ಹಿಡಿ!"

ಆ ಸಂಜೆ ತಂಗಿ ಅಳುತ್ತ ಕೇಳಿದಳು: "ಅಣ್ಣಾ, ನಂದು ಮುಗಿದಿತ್ತು. ಆಕಿ ಹಿಂದ ಬಿದ್ದಿದ್ಳು. ಸುಮ್ನ ನೋಡ್ಕೋತ ಕುಂದ್ರಬೇಕಿತ್ತೇನು?"

ಆ ಪ್ರಶ್ನೆಯನ್ನೇ ನಿಮಗೆ ಕಳಿಸುತ್ತಿದ್ದೇನೆ. ಉತ್ತರ ನಿಮ್ಮ ಬಳಿ ಇದೆಯೇ? ಒಂದು ನಾಡಿನ ಮಕ್ಕಳ ಮೇಲೆ ಗೊತ್ತುಮಾಡಿದ ಅಳತೆ ಇನ್ನೊಂದು ನಾಡಿನ ಮಕ್ಕಳಿಗೆ ಒಗ್ಗದೆಂದು ಸಂತೆಯಲ್ಲಿ ಸಿಗುವ ಕಿರುಪುಸ್ತಕಗಳೂ ಹೇಳುತ್ತವೆ. ನಿಮ್ಮ ದಫ್ತರಕ್ಕೆ ಅವು ತಲುಪಿಲ್ಲವೇ? ಪಕ್ಕದವಳನ್ನು ಮರೆಯುವುದೇ ಬುದ್ಧಿ ಎಂದಾದರೆ, ಹಾಗೆಂದು ಶಾಲೆಯ ಬಾಗಿಲ ಮೇಲೆ ಬರೆಸಿಬಿಡಿ; ಮಕ್ಕಳನ್ನು ಕಳಿಸುವ ಮುನ್ನ ನಾವೂ ಯೋಚಿಸುತ್ತೇವೆ.

ಲಿಂಗಸುಗೂರಿನ ಶಾಲೆಯಲ್ಲಿ ಹೆಸರು ಹಚ್ಚುವುದು ಮುಗಿಯುವ ಮುಂಚೆ ಮತ್ತೊಮ್ಮೆ ಬನ್ನಿ. ಅವರವರ ಮನೆಮಾತಿನಲ್ಲಿ ಕೇಳಿ. ಗಡಿಯಾರ ಜೇಬಿನಲ್ಲಿರಲಿ. ಬರುವಾಗ ನಿಮ್ಮ ಮಗಳನ್ನೂ ಕರೆತನ್ನಿ. ಅವಳಿಗೂ ಒಂದು ಸಾಲು ಕೊಡುತ್ತೇವೆ. ಹಿಂದೆ ಬಿದ್ದರೆ ಅವಳನ್ನು ಇಲ್ಲಿ ಯಾರೂ ಮಂದಬುದ್ಧಿ ಎನ್ನುವುದಿಲ್ಲ. ಗದ್ದೆಮ್ಮ ಎದುರಿನಿಂದ ಬರುತ್ತಾಳೆ.

ಇಂತಿ,
ತಮ್ಮ ತೀರ್ಮಾನದಂತೆ ಕಳ್ಳಿಯೊಬ್ಬಳ ಅಣ್ಣ,
ಅಂಬಪ್ಪ, ಪಾಮನಕಲ್ಲೂರು