ಎರಡನೆಯ ಮುಷ್ಟಿ

ಅಕ್ಕಾ,

ನೀನು ಸತ್ತು ಇಪ್ಪತ್ತೆರಡು ದಿನವಾಯಿತು. ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಓದು ಬರುತ್ತಿರಲಿಲ್ಲ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳಾದರೂ ಅಕ್ಷರ ಕೂಡಿಸಬಲ್ಲೆ. ಈ ಮನೆಗೆ ಕಿರಿ ಸೊಸೆಯಾಗಿ ಬಂದ ಮೇಲೆ ನಿನಗಿಂತ ನಾನು ಮುಂದಿದ್ದದ್ದು ಇದೊಂದರಲ್ಲಿ ಮಾತ್ರ. ಸತ್ತ ಮೇಲಾದರೂ ಕಲಿತು ಓದು. ಕಾಗದ ಅಂದರೆ ಎಪ್ಪತ್ಮೂರರ ಕ್ಯಾಲೆಂಡರಿನ ಹಿಂಬದಿ. ಆಮೇಲೆ ಕ್ಯಾಲೆಂಡರ್ ಅಚ್ಚು ಹಾಕುವವರು ಯಾರು ಉಳಿದಿದ್ದಾರೆ?

ಆ ವರ್ಷದ ಎಳ್ಳಮಾವಾಸ್ಯೆ ನೆನಪಿದೆಯೇ? ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದೆವು. ನೀನು ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಬರುವಷ್ಟರಲ್ಲಿ ಸೂರ್ಯ ಒಡೆದ ಹಾಲಿನಂತಾದ. ಬಿಸಿಲೂ ಇಲ್ಲ, ನೆರಳೂ ಇಲ್ಲ. ಅಂದು ಬಂದ ಚಳಿ ನಾಲ್ಕು ವರ್ಷವಾದರೂ ಹೋಗಿಲ್ಲ. ಪಂಚಾಯತಿಯ ರೇಡಿಯೋ ಎರಡು ದಿನ ಉತ್ತರದ ಗಾಳಿ ಎಂದಿತು. ಮೂರನೆಯ ದಿನ ಬರೀ ಗೊರಗೊರ. ಆಮೇಲೆ ಅದೂ ಇಲ್ಲ. ಒಂದು ಬೆಳಗ್ಗೆ ಆಕಾಶದಿಂದ ಬಿಳಿ ಉದುರತೊಡಗಿತು. ನನ್ನ ಮಗ ಸಂಗಪ್ಪ, ಮೂವತ್ತರ ಗಂಡಸು, ಅಂಗಳದಲ್ಲಿ ಅಂಗೈ ಚಾಚಿ ಕೂಗಿದ: "ದೊಡ್ಡವ್ವಾ, ಬರ್ಫ! ಬಾಗೇವಾಡಿ ಸ್ಟ್ಯಾಂಡಿನ್ಯಾಗ ಕಡ್ಡಿಗೆ ಚುಚ್ಚಿ ಮಾರ್ತಿದ್ರಲ್ಲಾ, ಅದs!" ನಾನು ಬಾಗಿಲಲ್ಲೇ ನಿಂತಿದ್ದೆ. ಹೆತ್ತವಳು ನಾನು. ಕರೆದದ್ದು ನಿನ್ನನ್ನು.

ಊರು ಒಡೆಯಿತು. ಹೊಳೆ ಕಲ್ಲಾಗಿದೆ, ಅದರ ಮೇಲೆಯೇ ನಡೆದು ದಾಟಬಹುದು ಎಂದು ಒಂದಷ್ಟು ಜನ ನಿಡಗುಂದಿಯ ದಾರಿ ಹಿಡಿದರು. ಒಂದಷ್ಟು ಜನ ಮುದ್ದೇಬಿಹಾಳದ ಕಡೆ. ತಿರುಗಿ ಬಂದವರಿಲ್ಲ. ಇಂಡಿ ಊರಿನ ನನ್ನ ತವರಿನಿಂದ ಸುದ್ದಿಯೇ ಬರಲಿಲ್ಲ. ನಮ್ಮ ಮನೆಯಲ್ಲಿ ಉಳಿದವರು ಹನ್ನೊಂದು ಜನ. ಸಿಂದಗಿ ಕಡೆಯಿಂದ ಏಳು ಕುರಿ ಹೊಡೆದುಕೊಂಡು ಬಂದ ಕುರುಬರ ಮಾಳಪ್ಪ, ಅವನ ಹೆಂಡತಿ ಇಬ್ಬರನ್ನೂ ಸೇರಿಸಿ. ಅವರನ್ನು ಒಳಗೆ ಕರೆದವಳೂ ನೀನೇ.

ಕಲ್ಲಿನ ಮನೆ ಬರ್ಫಿನ ಪೆಟ್ಟಿಗೆಯಂತಾದಾಗ ನೀನು ಹೇಳಿದ ಮಾತು ಎಲ್ಲರಿಗೂ ಬಾಯಿಪಾಠ.

"ಹಗೇವಿನ್ಯಾಗ ಇಳೀರಿ ಎಲ್ಲಾರೂ. ಭೂಮಿ ಹೊಟ್ಟಿ ಬೆಚ್ಚಗಿರ್ತೈತಿ."

ಹಿತ್ತಲಲ್ಲಿ ನಮ್ಮ ನಾಲ್ಕು ಹಗೇವು, ಕಾಳು ತುಂಬಿಡುವ ನೆಲದಡಿಯ ಕುಣಿಗಳು. ಒಂದು ಖಾಲಿಯಿತ್ತು. ನಾನು ನಕ್ಕಿದ್ದೆ: "ಸತ್ತಮ್ಯಾಲೆ ಕುಣ್ಯಾಗ ಇಳಿಯೂದು ಇದ್ದs ಐತಿ, ಈಗs ಯಾಕ ಗಡಿಬಿಡಿ?" ಆದರೆ ಇಳಿದ ಮೇಲೆ ಕೈ ಬೆರಳಿಗೆ ಜೀವ ಬಂತು. ಬಾಯಿಗೆ ಹುಲ್ಲಿನ ತಟ್ಟಿ ಮುಚ್ಚಿ, ಗಾಳಿಗೆ ಕಿಂಡಿ ಬಿಟ್ಟು, ಒಳಗೆ ಹಣತೆ ಇಟ್ಟು, ಹಣತೆ ಕುಗ್ಗಿದರೆ ಎಲ್ಲರೂ ಮೇಲೆ ಏರಬೇಕು ಎಂದು ನೀನು ನೇಮ ಮಾಡಿದೆ. ನಿನ್ನ ಮಾತು ಖರೆ ಆದದ್ದಕ್ಕೆ ನನಗೆ ಎಷ್ಟು ಉರಿಯಿತು ಗೊತ್ತೇ? ಬದುಕಿದೆ ಎಂಬ ಸಂತೋಷಕ್ಕಿಂತ ಅದೇ ಹೆಚ್ಚು.

ಉರಿ ಹಳೆಯದು. ಬಿತ್ತನೆಯ ದಿನ ಕೂರಿಗೆಗೆ ಮೊದಲ ಮುಷ್ಟಿ ಬೀಜ ಹಿರಿ ಸೊಸೆಯದು, ಎರಡನೆಯದು ನನ್ನದು. ನಲವತ್ತು ವರ್ಷ ಹಾಗೇ ನಡೆಯಿತು. ಬೆಳೆ ಬಂದರೆ "ದೊಡ್ಡವ್ವನ ಕೈಗುಣ" ಎನ್ನುವರು. ಬಾರದಿದ್ದರೆ ಯಾರೂ ನಿನ್ನ ಹೆಸರು ಎತ್ತುತ್ತಿರಲಿಲ್ಲ. ನನ್ನ ತವರಿನ ನಿಂಬೆಯ ಉಪ್ಪಿನಕಾಯಿ, ನಾನೇ ಹಾಕಿದ್ದು, ಈ ಚಳಿಯಲ್ಲೂ ಮೂರು ವರ್ಷ ಬಾಳಿತು. ಬಡಿಸುವ ಸೌಟು ನಿನ್ನ ಕೈಯಲ್ಲಿತ್ತು ಎಂಬ ಒಂದೇ ಕಾರಣಕ್ಕೆ ಅದು "ದೊಡ್ಡವ್ವನ ಉಪ್ಪಿನಕಾಯಿ" ಆಯಿತು! ಅರವತ್ತು ದಾಟಿದರೂ ನಾನು ಎಲ್ಲರಿಗೂ ಸಣ್ಣವ್ವ.

ಅತ್ತೆ ಸಾಯುವ ದಿನವನ್ನಂತೂ ನಾನು ಮರೆಯುವುದಿಲ್ಲ. ಮುದುಕಿ ನನ್ನನ್ನು ನೋಡಿ, "ಗಂಗೂ, ನೀರು ತಗೊಂಡ ಬಾ ಹೋಗು" ಎಂದಳು. ತಂಬಿಗೆ ಹಿಡಿದು ಬರುವಷ್ಟರಲ್ಲಿ ನಿನ್ನ ಕಿವಿಯಲ್ಲಿ ಏನೋ ಹೇಳಿ ಮುಗಿಸಿದ್ದಳು. ನೀರು ಕುಡಿಯಲೂ ಇಲ್ಲ.

"ಏನ ಊದಿದಳು ಮುದುಕಿ ನಿನ್ನ ಕಿವ್ಯಾಗ?"

"ಹೇಳೂ ಹೊತ್ತಿಗೆ ಹೇಳ್ತೇನಿ ತಗೋ."

"ಬಂಗಾರದ ಬೋರಮಾಳ ಎಲ್ಲಿಟ್ಟಾಳಂತ ಹೇಳಿರಬೇಕು."

"ಹೌದವಾ, ಬೋರಮಾಳ. ಹಾಕ್ಕೊಂಡು ಕುಣಿತೇನಿ ನೋಡು ಇನ್ನ."

ನೀನು ನಕ್ಕು ಹಾರಿಸಿದೆ. ನಾನು ಮೂವತ್ತು ವರ್ಷ ಆ ಬೋರಮಾಳವನ್ನು ಹುಡುಕಿದೆ ಎಂದರೆ ನಂಬುತ್ತೀಯಾ? ನಿನ್ನ ಪೆಟ್ಟಿಗೆ, ನಿನ್ನ ಕೌದಿಯ ಹೊಲಿಗೆ ಕೂಡ ಬಿಡಲಿಲ್ಲ.

ಹಗೇವಿಗೆ ಇಳಿದ ಮೇಲೂ ನೀನು ದಿನಕ್ಕೊಮ್ಮೆ ಮೇಲೆ ಹತ್ತಿ, ಮನೆಯೊಳಗಿನ ನನ್ನ ಹಳೆಯ ಖೋಲಿಗೆ ಹೋಗಿ ಬೀಸುವ ಕಲ್ಲಿನ ಪಕ್ಕದ ಹಾಸುಗಲ್ಲಿನ ಮೇಲೆ ಕೂರುತ್ತಿದ್ದೆ. ಅಷ್ಟು ದೊಡ್ಡ ಮನೆಯಲ್ಲಿ ನಿನಗೆ ಕೂರಲು ನನ್ನ ಖೋಲಿಯೇ ಬೇಕಿತ್ತೇ? ನಾನು ಬೀಸುವಾಗ ಹಿಟ್ಟು ಕದಿಯುತ್ತೇನೇನೋ ಎಂದು ಕಾಯುತ್ತಿದ್ದೀಯಾ ಎಂದುಕೊಂಡೆ. ಕೇಳಿಯೂ ಬಿಟ್ಟೆ. ನೀನು "ಬೀಸು ಸುಮ್ಕ" ಎಂದೆ.

ನಿನಗೆ ಕೆಮ್ಮು ಹಿಡಿಯಿತು. ಐದನೆಯ ದಿನ ಕಣ್ಣು ಬಿಟ್ಟು ನನ್ನ ಸೆರಗು ಹಿಡಿದೆ.

"ಗಂಗೂ, ನನ್ನ ನಿನ್ನ ಖೋಲಿಗೆ ಒಯ್ಯಿ. ಬೀಸೂಕಲ್ಲಿನ ಹಂತ್ಯಾಕ ಮಲಗಸು."

"ಮ್ಯಾಲೆ ಥಂಡಿಗೆ ಸೆಟದ ಹೋಗ್ತಿ."

"ಹೋದ್ರ ಹೋಗ್ಲಿ. ನೀ ಒಬ್ಬಾಕಿನs ಬಾ, ನಾ ನಿನಗ…"

"ನನ್ನ ಮಗನ್ನ ತಗೊಂಡಿ, ಮನಿ ತಗೊಂಡಿ. ಈಗ ಖೋಲೀನೂ ಬೇಕೇನ ನಿನಗ?"

ಸೊಸೆ ಕಾಶವ್ವ, "ಅತ್ತೀ, ಸಾಯಾಕಿ ಕೂಡ ಜಗಳೇನ್ರಿ?" ಎಂದಳು. ನೀನು ಸುತ್ತ ಕೂತ ಹಸಿದ ಮುಖಗಳನ್ನೆಲ್ಲ ಒಮ್ಮೆ ನೋಡಿದೆ, ಬಾಯಿ ಮುಚ್ಚಿದೆ. ಆ ದಿನವೇ ಮತ್ತೆರಡು ಸಲ ಖೋಲಿ ಎಂದೆ. ಎರಡು ಸಲವೂ ನಾನು ಒಲ್ಲೆ ಎಂದೆ. ಆಮೇಲೆ ನೀನು…

ಮಣ್ಣಿಗೆ ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಕುಣಿ ತೋಡಲು ಆಗಲಿಲ್ಲ. ಕಾಳು ಮುಗಿದ ಮೂರನೆಯ ಹಗೇವಿನಲ್ಲಿ ನಿನ್ನನ್ನು ಇಳಿಸಿ, ವಿಭೂತಿ ಹಚ್ಚಿ, ಪದ್ಧತಿಯಂತೆ ಕೂರಿಸಿದೆವು. ಅಲ್ಲೂ ನೋಡು ನಿನ್ನ ದೌಲತ್ತು! ನಾವು ಹತ್ತು ಜನ ಒಂದು ಹಗೇವಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದೇವೆ. ನಿನಗೊಬ್ಬಳಿಗೆ ಒಂದು ಇಡೀ ಹಗೇವು.

ನೀನು ಹೋಗಿ ಒಂಬತ್ತನೆಯ ದಿನ ಕುಳ್ಳು ಮುಗಿದವು. ನಾಲ್ಕೂ ಹಗೇವಿನ ಕಾಳು ತೀರಿ ಮೂರು ದಿನದ ಹಿಟ್ಟಷ್ಟೇ ಉಳಿದಿತ್ತು. ರೊಟ್ಟಿ ಸುಡಲು ಕಟ್ಟಿಗೆ ಬೇಕಲ್ಲ, ನನ್ನ ಖೋಲಿಯ ಬಾಗಿಲ ಚೌಕಟ್ಟು ಕೀಳಲು ಹೋದೆವು. ಅದು ಕಳಚಿ ಬೀಸುವ ಕಲ್ಲಿನ ಪಕ್ಕ ಬಿತ್ತು. ಧೊಬ್ ಎಂದಿತು. ಮಾಳಪ್ಪ ಹಾಸುಗಲ್ಲಿಗೆ ಕಿವಿ ಹಚ್ಚಿ ಕೋಲಿನಿಂದ ಬಡಿದ.

"ಅವ್ವಾರ, ಇದು ತೆಳಗ ಟೊಳ್ಳೈತ್ರಿ."

ಅತ್ತೆ ನಿನ್ನ ಕಿವಿಯಲ್ಲಿ ಹೇಳಿದ್ದು ಬೋರಮಾಳವಲ್ಲ. ಐದನೆಯ ಹಗೇವು! ನಲವತ್ತು ವರ್ಷ ನಾನು ಅದರ ತಲೆಯ ಮೇಲೆ ಕೂತು ಜೋಳ ಬೀಸಿದ್ದೇನೆ.

ಕಲ್ಲು ಸರಿಸಿದಾಗ ಕೊಳೆತ ಉಸಿರು ಮುಖಕ್ಕೆ ಹೊಡೆಯಿತು. ಸಂಗಪ್ಪ ಇಳಿಯಲು ಕಾಲು ಇಟ್ಟೇ ಬಿಟ್ಟಿದ್ದ. ಕಸಬರಿಗೆ ತೆಗೆದುಕೊಂಡು ಬಾರಿಸಿದೆ. ಹಗ್ಗಕ್ಕೆ ಹಣತೆ ಕಟ್ಟಿ ಬಿಟ್ಟೆ. ಅರ್ಧಕ್ಕೇ ಆರಿತು. ಇಡೀ ದಿನ ಬಾಯಿ ತೆರೆದಿಟ್ಟು ಕಾದೆವು. ಹಸಿದವರು ನನ್ನನ್ನು ಬೈದರು. "ದೊಡ್ಡವ್ವ ಇದ್ದಿದ್ರ ಏನರ ಉಪಾಯ ಮಾಡ್ತಿದ್ಲು" ಎಂದ ಸಂಗಪ್ಪ. "ದೊಡ್ಡವ್ವ ಇದ್ದಿದ್ರೂ ಇದನ್ನs ಮಾಡ್ತಿದ್ಲು, ಬಾಯಿ ಮುಚ್ಚು!" ಎಂದೆ. ಮರುದಿನ ಹಣತೆ ತಳದವರೆಗೂ ಉರಿಯಿತು. ಮೊದಲು ನಾನು ಇಳಿದೆ.

ಮೇಲೆ ತಿನ್ನುವ ಜೋಳ, ಅಳೆದು ತಿಂದರೆ ಆರು ತಿಂಗಳಿಗೆ ಸಾಕು. ಅದರಡಿ ದಂಟಿನ ಹಾಸು. ಹಾಸಿನಡಿ ಬೂದಿ ಬೆರೆಸಿದ ಜೋಳ. ಬೂದಿ ಬೆರೆಸಿದ್ದು ತಿನ್ನುವುದಕ್ಕಲ್ಲ, ಬಿತ್ತುವುದಕ್ಕೆ. ಇದು ನಮ್ಮ ಸೀಮೆಯ ಕೂಸಿಗೂ ಗೊತ್ತು. ಸುಗ್ಗಿಗೊಮ್ಮೆ ನನ್ನನ್ನು ತವರಿಗೆ ಕಳಿಸಿ, ನೀನು ಇಲ್ಲಿ ಹಳೆಯದು ತೆಗೆದು ಹೊಸದು ತುಂಬುತ್ತಿದ್ದೆ ಎಂದು ಈಗ ತಿಳಿಯಿತು.

ಯಾಕೆ ನನಗೆ ಹೇಳಲಿಲ್ಲ? ಉತ್ತರ ನನಗೇ ಗೊತ್ತಿದೆ, ಅದೇ ಚುಚ್ಚುವುದು. ಈ ಚಳಿಯ ಎರಡನೆಯ ವರ್ಷ ಸಂಗಪ್ಪ ಜ್ವರದಲ್ಲಿ ಮಲಗಿ ಅರ್ಧ ರೊಟ್ಟಿಗೆ ಅತ್ತನಲ್ಲ, ಆಗ ಗೊತ್ತಿದ್ದರೆ ನಾನು ಬೂದಿ ತೊಳೆದು ಬೀಜವನ್ನೇ ಬೀಸಿ ಉಣಿಸುತ್ತಿದ್ದೆ. ನೀನು ಹಗೇವಿನ ಬಾಯಿ ತೆರೆಯಲಿಲ್ಲ, ನಿನ್ನ ಪಾಲಿನ ರೊಟ್ಟಿ ಅವನಿಗೆ ಕೊಟ್ಟೆ. ಹೆತ್ತವಳು ಮಾಡಬೇಕಾದದ್ದು. ಅದನ್ನೂ ನೀನೇ ಮಾಡಬೇಕಿತ್ತೇ?

ಆದರೆ ಒಂದು ಮಾತು ಹೇಳುತ್ತೇನೆ, ಸಿಟ್ಟಾದರೆ ಆಗು. ಕಿವಿಯಲ್ಲಿ ಹೇಳುವ ನಿಮ್ಮ ಪದ್ಧತಿ ಸರಿಯಲ್ಲ. ನನ್ನ ಹೊಟ್ಟೆಕಿಚ್ಚು, ನಿನ್ನ ಗುಟ್ಟು, ಎರಡೂ ಕೂಡಿ ಬೀಜ ಮಣ್ಣುಪಾಲಾಗುತ್ತಿತ್ತು. ನಾನು ಹತ್ತೂ ಜನರನ್ನು ಕರೆದು ತೋರಿಸಿದೆ. "ನೋಡ್ಕೋರಿ, ಇಲ್ಲೈತಿ. ದಂಟಿನ ತೆಳಗ ಯಾರರ ಕೈ ಹಾಕಿದ್ರ ಕೈ ಮುರಿತೇನಿ. ನನ್ನ ಮಗನಾದ್ರೂ ಅಷ್ಟs." ಇದುವರೆಗೆ ಯಾರೂ ಮುಟ್ಟಿಲ್ಲ. ಇದರಲ್ಲಿ ನಿನಗಿಂತ ನಾನು ಶ್ಯಾಣ್ಯಾಕಿ. ಒಪ್ಪಿಕೋ.

ನಿನಗೆ ಗೊತ್ತಿಲ್ಲದ ಸುದ್ದಿ ಇದು. ಮೊನ್ನೆ ಅಂಗಳದ ಕಂಬದ ನೆರಳು ನೆಲಕ್ಕೆ ಬಿತ್ತು. ಮಾಳಪ್ಪ ಮೊದಲು ಕಂಡ, ಕೂಗಿದ. ಎಲ್ಲರೂ ಮೇಲೆ ಹತ್ತಿ ಬಂದು ಆ ನೆರಳಿನ ಸುತ್ತ ನಿಂತೆವು, ತುಳಿಯಲು ಹೆದರಿ. ನಿನ್ನೆಯೂ ಬಿತ್ತು. ಮಾಳಿಗೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದೆ. ನೆಲ ಗುದ್ದಲಿಗೆ ಬಗ್ಗಿದ ದಿನ ಬಿತ್ತುತ್ತೇವೆ. ಎತ್ತುಗಳಿಲ್ಲ, ಸಂಗಪ್ಪ ಮತ್ತು ಮಾಳಪ್ಪ ಕೂರಿಗೆ ಎಳೆಯುತ್ತಾರೆ.

"ಯವ್ವಾ, ಮೊದಲ ಮುಷ್ಟಿ ದೊಡ್ಡವ್ವನ ಹೆಸರಲೆ ಹಾಕು" ಎಂದ ಸಂಗಪ್ಪ.

ಆಗುವುದಿಲ್ಲ ಎಂದೆ. ಮೊದಲ ಮುಷ್ಟಿ ನನ್ನದು. ನಲವತ್ತು ವರ್ಷ ಕಾದಿದ್ದೇನೆ. ಎರಡನೆಯದು ನಿನ್ನ ಹೆಸರಿನಲ್ಲಿ ಹಾಕುತ್ತೇನೆ, ಮರೆಯದೆ ಹಾಕುತ್ತೇನೆ. ಎರಡನೆಯವಳಾಗಿ ನಿಲ್ಲುವುದು ಹೇಗಿರುತ್ತದೆ ಎಂದು ನೀನೂ ಒಮ್ಮೆ ನೋಡು.

ನಿನ್ನ ನೆಗೆಣ್ಣಿ
ಗಂಗವ್ವ