ಪೆಟ್ರೋಲ್ ಬಂಕಿನ ನಲ್ಲಿಯ ಹತ್ತಿರ

ಪ್ರೀತಿಯ ತಂಗಿ,

ಮೂರು ಸಲ ಬರೆದು ಹರಿದುಹಾಕಿದೆ. ಇದನ್ನಾದರೂ ಅಂಚೆಗೆ ಹಾಕುತ್ತೇನೆ.

ಆ ಬೇಸಿಗೆ ಪ್ರವಾಸದಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕೈತೊಳೆಯುತ್ತಿದ್ದ ನಿನ್ನನ್ನು ಮರೆತು ಅಪ್ಪ ಕಾರು ಹೊರಡಿಸಿದರೆಂದೇ ನೀನು ನಂಬಿದ್ದೀಯ. ಅವರು ಮರೆತಿರಲಿಲ್ಲ. “ಎಲ್ಲರೂ ಹತ್ತಿದ್ರೇನೋ?” ಎಂದು ಕೇಳಿದ್ದರು. “ಹೂಂ ಅಪ್ಪ, ಅವಳು ಮಲಗಿದಾಳೆ” ಎಂದವನು ನಾನು. ಕಿಟಕಿ ಪಕ್ಕದ ಸೀಟಿಗಾಗಿ ನಿನ್ನ ಮೇಲೆ ಸಿಟ್ಟಿತ್ತು. ಹತ್ತು ನಿಮಿಷದಲ್ಲಿ ಹೆದರಿ ಬಾಯಿಬಿಟ್ಟೆ. ಮುಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ ಅಮ್ಮ ಏಳುವ ಮೊದಲೇ ಅಪ್ಪ ಕಾರು ತಿರುಗಿಸಿದರು. “ಇದು ನಮ್ಮಿಬ್ರಲ್ಲೇ ಇರ್ಲಿ” ಎಂದರು.

ಹೋದ ವರ್ಷ ಜಗಳದಲ್ಲಿ ನೀನು ಅದನ್ನೇ ಎತ್ತಿ ಆಡಿ, ಅವರೊಂದಿಗೆ ಮಾತು ಬಿಟ್ಟಾಗಲೂ ಅವರು ನನ್ನ ಹೆಸರೆತ್ತಲಿಲ್ಲ.

ಸೋಮವಾರ ಅಪ್ಪನಿಗೆ ಆಪರೇಷನ್. ಭಾನುವಾರ ಬೆಳಗಿನ ಬಸ್ಸಿಗೆ ಬಾ. ನಿಲ್ದಾಣದಲ್ಲಿ ನಾನಿರುತ್ತೇನೆ. ಬೈಯುವುದನ್ನೆಲ್ಲ ಅಲ್ಲೇ ಬೈದು ಮುಗಿಸು. ಆಮೇಲೆ ಅಪ್ಪನ ಹತ್ತಿರ ಹೋಗೋಣ.

ನಿನ್ನ ಅಣ್ಣ