ಕಾಲಡಿಯ ಸದ್ದು ಯಾರದು

ಮನೆಯಿಂದ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಮಗಳಿಗೆ,

ಹೇಗಿದ್ದೀಯ ಪುಟ್ಟಿ? ಫೋನಿನಲ್ಲಿ ಕೇಳಿದರೆ ನನ್ನ ಪ್ರಶ್ನೆ ಮುಗಿಯೋ ಮೊದಲೇ ‘ಚೆನ್ನಾಗಿದ್ದೀನಮ್ಮ’ ಅಂತೀಯ. ಅಷ್ಟು ಬೇಗ ಬರೋ ಉತ್ತರವನ್ನ ನಾನು ನಂಬಲ್ಲ. ಅದಕ್ಕೇ ಬಿಡಿಸಿ ಬಿಡಿಸಿ ಕೇಳ್ತೀನಿ. ಎಡಗೈ ಮಣಿಕಟ್ಟು ಹೇಗಿದೆ? ಬೆಳಿಗ್ಗೆ ಎದ್ದಾಗ ಬೆರಳು ಸಲೀಸಾಗಿ ಮಡಚುತ್ತಾ, ಇಲ್ಲ ಬಿಸಿನೀರಿನಲ್ಲಿ ಅದ್ದಬೇಕಾ? ತೋರುಬೆರಳ ತುದಿಯ ಗುಳ್ಳೆ ಒಣಗಿ ಗಟ್ಟಿಯಾಯ್ತಾ? ಕಾರ್ಯಕ್ರಮ ಮುಗಿದ ಮೇಲೆ ಕಿವಿ ಕುಯ್ ಅನ್ನುತ್ತಾ? ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯ ಅಂತ ಮಾತ್ರ ಕೇಳಲ್ಲ, ಸುಳ್ಳು ಹೇಳೋಕೆ ನಾನೇ ದಾರಿ ಮಾಡಿಕೊಟ್ಟ ಹಾಗಾಗುತ್ತೆ. ನಿಮ್ಮಪ್ಪ ಚೆನ್ನಾಗಿದ್ದಾರೆ. ಮಂಡಿ ನೋವು ಅಂತಾರೆ, ಅಂಗಡಿಗೆ ಹೋಗಿ ಬನ್ನಿ ಅಂದಾಗ ಮಾತ್ರ. ನನ್ನ ಬೆರಳ ಗಿಣ್ಣು ಒಂದಿಷ್ಟು ಬಿಗಿಯಾಗಿದೆ, ಆದರೂ ದಿನಾ ಸಂಜೆ ಹಳೇ ಬೇಸ್ ಗಿಟಾರ್ ತೊಡೆ ಮೇಲೆ ಇಟ್ಟುಕೊಂಡು ಕೂರೋದು ಬಿಟ್ಟಿಲ್ಲ. ಮೊನ್ನೆ ಪಕ್ಕದ ಮನೆಯಾಕೆ ‘ನಿಮ್ಮ ಫ್ರಿಜ್ ಕೆಟ್ಟಿದೆಯಾ, ಸಂಜೆ ಹೊತ್ತು ಗುಂಯ್ ಅನ್ನುತ್ತೆ’ ಅಂದಳು. ಆಕೆ ನಿಜವಾಗಲೂ ಕೇಳಿದ್ದೋ, ಬೇಕಂತಲೇ ಚುಚ್ಚಿದ್ದೋ, ಇನ್ನೂ ತೀರ್ಮಾನ ಮಾಡಿಲ್ಲ.

ಫೋನ್ ಇರುವಾಗ ಈ ಕಾಗದ ಯಾಕೆ ಅಂತ ನಿನಗೆ ಅನ್ನಿಸಬಹುದು. ನಾನು ಫೋನ್ ಮಾಡಿದಾಗೆಲ್ಲ ನೀನು ಕಾರ್ಯಕ್ರಮಕ್ಕೆ ಊರೂರು ಸುತ್ತೋ ಆ ವ್ಯಾನಿನಲ್ಲೇ ಇರ್ತೀಯ. ಪಕ್ಕದಲ್ಲಿ ನಿಮ್ಮ ಡ್ರಮ್ಮರ್, ಮುಂದಿನ ಸೀಟಿನಲ್ಲಿ ತಂಡದ ಯಜಮಾನ, ಅಂದರೆ ನಿಮ್ಮ ಹಾಡುಗಾರ. ನನ್ನ ದನಿ ಎಷ್ಟು ಜೋರು ಅಂತ ನಿನಗೆ ಗೊತ್ತು. ನಾನು ಬರೆಯೋದು ನಿನ್ನೊಬ್ಬಳಿಗೆ. ಮುಂದಿನ ಊರಿನ ಲಾಡ್ಜಿನ ವಿಳಾಸಕ್ಕೆ ಹಾಕ್ತಿದ್ದೀನಿ. ಲಕೋಟೆಯ ಅಂಟಿನ ಮೇಲೆ ಅಡ್ಡಕ್ಕೆ ನನ್ನ ಸಹಿ ಇರುತ್ತೆ, ಅದು ಎರಡು ತುಂಡಾಗಿ ಸೊಟ್ಟಗೆ ಕೂತಿದ್ದರೆ ಯಾರೋ ಬಿಚ್ಚಿ ಓದಿದ್ದಾರೆ ಅಂತ ತಿಳಿ. ನಿಮ್ಮಪ್ಪ ಇದನ್ನ ನೋಡಿ ನಗ್ತಿದ್ದಾರೆ. ಇಷ್ಟು ವರ್ಷ ಬಸ್ ಓಡಿಸಿದ ಮನುಷ್ಯ, ಎದುರಿಗೆ ಬರೋನು ತಾನಾಗೇ ಪಕ್ಕಕ್ಕೆ ಸರೀತಾನೆ ಅಂತ ನಂಬಿಕೊಂಡೇ ಓಡಿಸಿದರಲ್ಲ, ಇವತ್ತಿಗೂ ನನಗೆ ಅದೇ ಆಶ್ಚರ್ಯ.

ಈಗ ಸುದ್ದಿ. ಭಾನುವಾರ ಮಧ್ಯಾಹ್ನದ ನಿನ್ನ ಕಾರ್ಯಕ್ರಮಕ್ಕೆ ನಾನು ಬಂದಿದ್ದೆ. ಬೇಜಾರು ಮಾಡ್ಕೋಬೇಡ. ಹೇಳದೆ ಬಂದೆ, ಹೇಳದೆ ಹೋದೆ. ಕಾರಣ ನೀನು ಕಳಿಸಿದ ಹಿಂದಿನ ಕಾರ್ಯಕ್ರಮದ ವಿಡಿಯೋ. ನಿಮ್ಮಪ್ಪ ಅದನ್ನ ಇಡೀ ಬೀದಿಗೆ ತೋರಿಸಿದರು, ಕೊರಿಯರ್‌ನವನನ್ನೂ ಬಾಗಿಲಲ್ಲಿ ನಿಲ್ಲಿಸಿ ತೋರಿಸಿದರು. ನಾನೂ ನೋಡಿದೆ, ಮತ್ತೆ ಮತ್ತೆ ನೋಡಿದೆ. ಹಾಡಿನ ನಡುವೆ ನೀನು ಎಡಗೈ ಎತ್ತಿ ದಪ್ಪ ತಂತಿಯ ಬಿರಡೆ ತಿರುವುತ್ತೀಯ. ತಂತಿ ಮೀಟಿಕೊಂಡೇ ಬಿರಡೆ ತಿರುವಿದರೆ ಸ್ವರ ಜಾರಲೇಬೇಕು. ಅದು ಜಾರಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆ ಹಾಗೆ ನೀಟಾಗಿ ಹೋಗ್ತಾನೇ ಇತ್ತು. ನಿಮ್ಮಪ್ಪನಿಗೆ ಹೇಳಿದೆ. ‘ನಿನಗೆ ಮನುಷ್ಯರ ಮೇಲೆ ಅನುಮಾನ ಇದ್ದಿದ್ದು ಸಾಲದು ಅಂತ ಈಗ ತಂತಿ ಮೇಲೂ ಶುರುವಾಯ್ತಾ’ ಅಂದರು. ಇರಬಹುದು, ಫೋನಿನ ದೋಷವೂ ಇರಬಹುದು ಅಂದುಕೊಂಡು ಸುಮ್ಮನಾದೆ. ಸುಮ್ಮನಾದೆ ಅಂದರೆ ಭಾನುವಾರದ ರೈಲಿಗೆ ಟಿಕೆಟ್ ತಗೊಂಡೆ ಅಂತ ಅರ್ಥ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಹಾಲ್ ಚೆನ್ನಾಗಿತ್ತು. ಹಿಂದಿನ ಬಾಗಿಲ ಹತ್ತಿರ ಕಂಬಕ್ಕೆ ಒರಗಿ ನಿಂತೆ, ತಲೆಗೆ ಸ್ಕಾರ್ಫ್ ಸುತ್ತಿಕೊಂಡಿದ್ದೆ, ನೀನು ಎರಡು ಸಲ ನನ್ನ ಕಡೆ ನೋಡಿದರೂ ಗುರುತು ಸಿಗಲಿಲ್ಲ. ಮೊದಲು ಹೊಗಳಿಬಿಡ್ತೀನಿ, ಆಮೇಲೆ ಮರೆತುಹೋದೀತು. ನೀನು ನಿಲ್ಲೋ ರೀತಿ ನನಗೆ ಹಿಡಿಸಿತು. ಕಣ್ಣು ಜನರ ಮೇಲಲ್ಲ, ದೊಡ್ಡ ಡ್ರಮ್ಮಿನ ಪೆಡಲ್ ತುಳಿಯೋ ಡ್ರಮ್ಮರ್‌ನ ಬಲಗಾಲ ಮೇಲೆ ಇತ್ತು. ಬೇಸ್ ನುಡಿಸೋರಿಗೆ ಗುರು, ದೇವರು, ಗಡಿಯಾರ ಎಲ್ಲ ಆ ಕಾಲೇ. ಅದು ಬಿದ್ದಾಗ ನಿನ್ನ ಸ್ವರ ಬೀಳಬೇಕು, ಅದು ಸುಮ್ಮನಿದ್ದಾಗ ನೀನೂ ಸುಮ್ಮನಿರೋಕೆ ಕಲಿಯಬೇಕು. ಹೋಟೆಲ್ ಹಾಲಿನಲ್ಲಿ ನಾನು ನುಡಿಸ್ತಿದ್ದ ಕಾಲದಲ್ಲಿ ನಮ್ಮ ಪಿಯಾನೋದವರು ಹೇಳೋರು, ‘ನೀನು ಬಿಡೋ ಜಾಗದಲ್ಲೇ ಜನ ಕುಣಿಯೋದು’ ಅಂತ. ಆ ಮಾತೊಂದನ್ನ ಮಾತ್ರ ನಾನು ಅನುಮಾನಿಸದೆ ನಂಬಿದ್ದು.

ಆದರೆ ನಿನ್ನ ಗಿಟಾರಿನ ಹೆಗಲ ಪಟ್ಟಿಯನ್ನ ಅಷ್ಟು ಕೆಳಗೆ ಇಳಿಬಿಡೋಕೆ ಹೇಳಿದ್ದು ಯಾರು? ಆ ಹಾಡುಗಾರನೇ ಇರಬೇಕು. ಗಿಟಾರ್ ಮಂಡಿ ಹತ್ತಿರ ತೂಗಾಡಿದರೆ ನೋಡೋಕೆ ಚೆಂದ, ಮಣಿಕಟ್ಟು ಕೊಕ್ಕೆ ಹಾಗೆ ಬಗ್ಗಿ ವರ್ಷದೊಳಗೆ ನೋವು ಹಿಡ್ಕೊಳ್ಳುತ್ತೆ. ಮೇಲಕ್ಕೆ ಏರಿಸು. ಕೂತಾಗ ಎಲ್ಲಿರುತ್ತೋ ನಿಂತಾಗಲೂ ಅಲ್ಲೇ ಇರಬೇಕು. ಅಭ್ಯಾಸವನ್ನೂ ನಿಂತೇ ಮಾಡು. ಎಡಗೈ ಹೆಬ್ಬೆರಳು ಗಿಟಾರಿನ ಕತ್ತಿಗೆ ಹಿಂದಿನಿಂದ ಆಸರೆ ಕೊಡಬೇಕು, ಕತ್ತು ಹಿಸುಕಬಾರದು. ಬಲಗೈಯಂತೂ ನೋಡೋಕಾಗಲಿಲ್ಲ ಮಗಳೇ. ತಂತಿ ಮೀಟೋದು ಬಿಟ್ಟು ಕಳೆ ಕಿತ್ತ ಹಾಗೆ ಕೀಳ್ತಿದ್ದೆ. ಮೆಲ್ಲಗೆ ಮುಟ್ಟು ಅಂತ ನಾನು ಕಲಿಸಿರಲಿಲ್ವಾ? ಸದ್ದು ಹೆಚ್ಚಿಸೋದು ಆಂಪ್ಲಿಫೈಯರ್ ಕೆಲಸ, ಬೆರಳಿನದಲ್ಲ. ನಿನ್ನ ಕೈ ನೋಡಿದರೆ ತನ್ನ ಮಾತು ಯಾರಿಗೂ ಕೇಳಿಸ್ತಿಲ್ಲ ಅಂತ ಕೂಗಿ ಹೇಳೋರ ಹಾಗಿತ್ತು. ಅದನ್ನ ನೋಡಿದಾಗಲೇ ನನ್ನ ಅನುಮಾನ ಗಟ್ಟಿಯಾಗಿದ್ದು.

ಅಷ್ಟು ಜೋರಾಗಿ ಕಿತ್ತರೆ ತಂತಿ ಮರಕ್ಕೆ ಬಡಿದು ಟಕ್ ಅನ್ನಬೇಕು. ಅನ್ನಲಿಲ್ಲ. ಮೂರನೇ ಹಾಡಿನಲ್ಲಿ ನಿನ್ನ ಬೆರಳು ಜಾರಿತು. ನನಗೆ ಹೇಗೆ ಗೊತ್ತು ಅಂದರೆ ನೀನು ಕೆಳತುಟಿ ಕಚ್ಚಿಕೊಂಡೆ, ಸಣ್ಣವಳಿದ್ದಾಗಿಂದ ತಪ್ಪಿದಾಗೆಲ್ಲ ಅದೇ ಮಾಡೋದು ನೀನು. ತುಟಿ ಕಚ್ಚಿದೆ, ಸ್ವರ ಮಾತ್ರ ತಪ್ಪಲಿಲ್ಲ. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತೆ. ಬೇಸ್ ಅನ್ನೋದು ಕಿವಿಗಿಂತ ಮೊದಲು ಅಂಗಾಲಿಗೆ ಬರುತ್ತೆ. ನೆಲದ ಹಲಗೆಯಿಂದ ಬರ್ತಿದ್ದ ಆ ನಡುಕದಲ್ಲಿ ನಿನ್ನ ಗುರುತು ಸಿಗಲಿಲ್ಲ. ಮಗು ಅತ್ತರೆ ತಾಯಿಗೆ ಗೊತ್ತಾಗಲ್ವಾ ಇದು ತನ್ನದೋ ಪಕ್ಕದ ಮನೆಯದೋ ಅಂತ? ಹಾಗೇ ಅಂದುಕೋ. ಪಕ್ಕದಲ್ಲಿ ನಿಂತಿದ್ದ ಒಬ್ಬರು ಬರಿಗಾಲ ಕಡೆ ನೋಡಿ ‘ಕಾಲಿಗೆ ಏನಾದರೂ ಚುಚ್ಚಿತಾ’ ಅಂತ ಕೇಳಿದರು. ಹೌದು ಅಂದೆ.

ಆಮೇಲೆ ನಿಮ್ಮ ಹಾಡುಗಾರನನ್ನೇ ಗಮನಿಸ್ತಾ ನಿಂತೆ. ಹಾಡು ಹಾಡಿಗೂ ನಿನ್ನ ಕಡೆ ಕೈ ತೋರಿಸಿ ಜನರ ಹತ್ತಿರ ಚಪ್ಪಾಳೆ ಹೊಡೆಸ್ತಾನೆ. ನಡು ಬಗ್ಗಿಸ್ತಾನೆ, ಎದೆ ಮೇಲೆ ಕೈ ಇಟ್ಕೋತಾನೆ. ಅತಿ ವಿನಯಂ ಧೂರ್ತ ಲಕ್ಷಣಂ. ಇಷ್ಟೊಂದು ಗೌರವ ಕೊಡೋನು ಏನನ್ನೋ ಕಸ್ಕೊಂಡಿರ್ತಾನೆ ಅನ್ನೋದು ನನ್ನ ಲೆಕ್ಕ. ವಿರಾಮ ಬಂತು. ಹಾಲಿನ ಹಿಂಭಾಗದಲ್ಲಿ, ಎಲ್ಲರ ಸದ್ದು ಏರಿಸಿ ಇಳಿಸೋ ಮಿಕ್ಸರ್ ಮೇಜು ಹಾಕ್ಕೊಂಡು ನಿಮ್ಮ ಸೌಂಡ್‌ನವನು ಕೂತಿದ್ದ, ನರೆತ ಗಡ್ಡದವನು, ಒಬ್ಬನೇ ಚಹಾ ಕುಡೀತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವನ ಜೊತೆ ಏನು ಮಾತಾಯ್ತು ಅನ್ನೋದನ್ನ ಇಲ್ಲಿ ಬರೆಯೋಣ ಅಂತಲೇ ಬೆಳಿಗ್ಗೆಯಿಂದ ಕೂತಿದ್ದೀನಿ, ಕೈ ಬರ್ತಿಲ್ಲ. ನಿಮ್ಮಪ್ಪ ಬೇರೆ ಹಿಂದೆ ನಿಂತು ಇಣುಕ್ತಿದ್ದಾರೆ. ಇರಲಿ.

ಅದರ ಬದಲು ಕೆಲವು ಮಾತು ಹೇಳ್ತೀನಿ, ಮುದುಕಿಯ ಉಪದೇಶ ಅಂತ ತಳ್ಳಿ ಹಾಕಬೇಡ. ನಿನ್ನ ಗಿಟಾರನ್ನ ವ್ಯಾನಿನಿಂದ ನೀನೇ ಇಳಿಸು, ‘ಕೊಡಿ ನಾನು ಹಿಡ್ಕೋತೀನಿ’ ಅನ್ನೋರಿಗೆ ಕೊಡಬೇಡ. ಕೇಬಲ್ ನಿನ್ನದೇ ಇರಲಿ, ಜೊತೆಗೆ ಇನ್ನೊಂದು ಚೀಲದಲ್ಲಿರಲಿ. ಇನ್ನೊಬ್ಬರ ಕೇಬಲ್ ಅಂದರೆ ಇನ್ನೊಬ್ಬರ ಹಲ್ಲುಜ್ಜೋ ಬ್ರಷ್ ಇದ್ದ ಹಾಗೆ. ಅದನ್ನ ಪಟ್ಟಿಯ ಒಳಗಿಂದ ಒಂದು ಸುತ್ತು ತಂದು ಸಿಕ್ಕಿಸು, ಯಾರಾದರೂ ತುಳಿದರೂ ಕಿತ್ತು ಬರಬಾರದು. ಗಿಟಾರಿನ ಹೊಟ್ಟೆಯಲ್ಲಿರೋ ಬ್ಯಾಟರಿಯನ್ನ ಅದು ಸಾಯೋ ಮೊದಲೇ ಬದಲಾಯಿಸು. ಕಾರ್ಯಕ್ರಮದ ದಿನ ಹೊಸ ತಂತಿ ಹಾಕಬೇಡ, ಹೊಸ ತಂತಿ ಹೊಸ ಅಳಿಯನ ಹಾಗೆ, ಒಗ್ಗೋಕೆ ಹೊತ್ತು ಬೇಕು. ಎಲ್ಲರಿಗಿಂತ ಮೊದಲು ಹಾಲಿಗೆ ಹೋಗು. ಸದ್ದು ಪರೀಕ್ಷೆ ಮಾಡುವಾಗ ಯಾರಾದರೂ ‘ಬೇಸ್ ಸರಿಯಾಗಿದೆ, ನೀವು ಹೋಗಿ ಕೂತ್ಕೊಳ್ಳಿ’ ಅಂದರೆ ಕೂತ್ಕೋಬೇಡ. ಉದ್ದದ ಕೇಬಲ್ ಹಾಕ್ಕೊಂಡು ವೇದಿಕೆ ಇಳಿದು, ಜನ ನಿಲ್ಲೋ ಜಾಗದಲ್ಲಿ ನಿಂತು ನುಡಿಸಿ ನೋಡು. ಆ ಇಯರ್‌ಫೋನ್ ಇದೆಯಲ್ಲ, ನೀವೆಲ್ಲ ಎರಡೂ ಕಿವಿಗೆ ಬಿರಡೆ ಹಾಗೆ ಜಡಿದುಕೊಂಡು ನಿಲ್ತೀರಲ್ಲ, ಅದು ನನಗೆ ಒಂದು ಚೂರೂ ಹಿಡಿಸಲಿಲ್ಲ. ಕಿವಿ ತುಂಬ ಅವರು ಕೊಟ್ಟಿದ್ದೇ ಕೇಳಿಸುತ್ತೆ. ಹೊರಗೆ ಏನು ನಡೀತಿದೆ ಅಂತ ಯಾರಿಗೆ ಗೊತ್ತು?

ಮೈ ಕೈ ಜೋಪಾನ. ಮಣಿಕಟ್ಟಿಗೆ ನೋವು ಬಂದರೆ ಸಹಿಸ್ಕೊಂಡು ನುಡಿಸೋದು ಶೌರ್ಯ ಅಲ್ಲ, ನಿಲ್ಲಿಸಿಬಿಡು. ನಿಮ್ಮ ಡ್ರಮ್ಮರ್‌ಗೆ ನನ್ನ ನೆನಪು ಹೇಳು, ಅವನ ಮೇಲೆ ಸದ್ಯಕ್ಕೆ ನನಗೇನೂ ಅನುಮಾನ ಇಲ್ಲ. ನಿಮ್ಮಪ್ಪ ನಿನ್ನ ತಲೆ ಸವರಿ ಹರಸಿದ್ದಾರೆ ಅಂತ ಬರೆಯೋಕೆ ಹೇಳಿದರು, ಬರೆದಿದ್ದೀನಿ. ನಿನ್ನ ಬೆರಳು ಹತ್ತೂ ಗಟ್ಟಿಯಾಗಿರಲಿ, ಕಿವಿ ಎರಡೂ ಚುರುಕಾಗಿರಲಿ.

ಇಂತಿ,
ನಿನ್ನನ್ನ ಮಾತ್ರ ನಂಬೋ
ಅಮ್ಮ

ತಾ.ಕ.: ನಿಮ್ಮಪ್ಪ ಹಾಲು ತರೋಕೆ ಹೋದರು, ಬೇಗ ಬೇಗ ಬರೀತೀನಿ. ಆ ಮಿಕ್ಸರ್ ಮೇಲೆ ಒಂದೊಂದು ಸ್ಲೈಡರ್ ಕೆಳಗೂ ಬಿಳಿ ಟೇಪ್ ಅಂಟಿಸಿ ಯಾರ ಸದ್ದು ಅಂತ ಬರೆದಿತ್ತು. ಒಂದರ ಮೇಲೆ ‘ಬೇಸ್’ ಅಂತಿತ್ತು, ಅದು ಮೇಲಕ್ಕೆ ಇತ್ತು. ಪಕ್ಕದ್ದರ ಮೇಲೆ ‘ಹುಡುಗಿ’ ಅಂತಿತ್ತು, ಅದು ಪೂರ್ತಿ ಕೆಳಗೆ. ನಾನು ಅದರ ಮೇಲೆ ಬೆರಳಿಟ್ಟು ‘ನಾನು ಈ ಹುಡುಗಿಯ ತಾಯಿ’ ಅಂದೆ. ಅವನು ಚಹಾದ ಲೋಟ ಕೆಳಗಿಟ್ಟ. ‘ಬೇಸ್’ ಅಂದರೆ ನಿನಗಿಂತ ಮೊದಲು ಇದ್ದವನು ರೆಕಾರ್ಡ್ ಮಾಡಿಟ್ಟು ಹೋಗಿದ್ದಂತೆ. ರೆಕಾರ್ಡ್ ಆದರೆ ಸ್ವರ ತಪ್ಪೋ ಅಪಾಯ ಇಲ್ಲ, ವೇದಿಕೆ ಮೇಲೆ ಹುಡುಗಿ ಇದ್ದರೆ ನೋಡೋಕೆ ಚೆನ್ನ ಅಂತ ನಿಮ್ಮ ಹಾಡುಗಾರ ಮೊದಲ ದಿನದಿಂದಲೇ ಹೀಗೆ ಮಾಡಿಸಿದ್ದಾನೆ. ನಿನ್ನ ಇಯರ್‌ಫೋನಿಗೆ ನಿನ್ನದನ್ನೇ ಕೊಡ್ತಾರೆ, ಜನರಿಗೆ ಆ ಹಳಬನ ರೆಕಾರ್ಡು. ನಿನಗೆ ಗೊತ್ತಿಲ್ಲ ಅಂದ. ‘ಅವಳು ಕೆಟ್ಟದಾಗಿ ನುಡಿಸಲ್ಲಮ್ಮ, ಯಾರೂ ಕೇಳಿಯೇ ಇಲ್ಲ, ಅಷ್ಟೆ’ ಅಂದ. ಒಂದೇ ಒಂದು ಹಾಡು ಕೇಳಿಸು ಅಂದೆ. ಅವನು ಮತ್ತೆ ಲೋಟ ಎತ್ತಿಕೊಂಡ. ವಿರಾಮ ಮುಗಿದ ಮೇಲೂ ನಾನು ಅಲ್ಲಿಂದ ಕದಲಲಿಲ್ಲ. ಕೊನೆಯ ಹಾಡು ಶುರುವಾಗುವಾಗ ನನ್ನ ಕಡೆ ನೋಡದೆ ‘ಬೇಸ್’ ಇಳಿಸಿ ನಿನ್ನದನ್ನ ಏರಿಸಿದ. ನೆಲ ಬದಲಾಯ್ತು ಪುಟ್ಟಿ. ಮುಂದೆ ಮೊಬೈಲ್ ನೋಡ್ತಾ ನಿಂತಿದ್ದ ಗಂಡ ಹೆಂಡತಿ ಅದನ್ನ ಜೇಬಿಗೆ ಹಾಕಿ ಹೆಜ್ಜೆ ಹಾಕಿದರು. ಅದನ್ನ ಕಂಡ ಹಾಡುಗಾರ ಸಾಲಿನ ಮಧ್ಯೆ ಗಕ್ಕನೆ ತಲೆ ಎತ್ತಿ ಮಿಕ್ಸರ್ ಕಡೆ ನೋಡಿದ. ಆಮೇಲೆ ನೀನು ಒಂದು ಸ್ವರ ತಪ್ಪು ನುಡಿಸಿದೆ, ಇಡೀ ಹಾಲಿಗೆ ಕೇಳಿಸಿತು, ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ಅವತ್ತು ಸಂಜೆ ನೀನೇ ಫೋನ್ ಮಾಡಿ, ಕೊನೆಯ ಹಾಡಿಗೆ ಜನ ಯಾಕೋ ಕುಣಿದರು, ಹಾಡುಗಾರ ಯಾಕೋ ಸೌಂಡ್‌ನವನಿಗೆ ಬೈದ ಅಂದೆ. ನಿನಗೆ ಗೊತ್ತಿಲ್ಲ ಅಂತ ನನಗೆ ಖಾತ್ರಿಯಾಗಿದ್ದು ಆಗಲೇ. ಆದರೆ ನನ್ನ ಮಾತನ್ನೂ ಹಾಗೇ ನಂಬಬೇಡ. ಮುಂದಿನ ಕಾರ್ಯಕ್ರಮದಲ್ಲಿ ಜನರ ಎದುರೇ ಒಂದು ಕಿವಿಯ ಇಯರ್‌ಫೋನ್ ತೆಗೆದು, ಹಾಡಿನ ನಡುವೆ ಕೇಬಲ್ ಕಿತ್ತು ನೋಡು. ಬೇಸ್ ನಿಂತರೆ ನಿನ್ನಮ್ಮನಿಗೆ ಅರಳುಮರಳು. ನಿಲ್ಲದಿದ್ದರೆ ಅಲ್ಲೇ ಕೈ ಕಟ್ಟಿ ನಿಂತ್ಕೋ, ಎಲ್ಲರೂ ನೋಡಲಿ. ಆಮೇಲೆ ಇರ್ತೀಯೋ ಬಿಡ್ತೀಯೋ ನಿನಗೆ ಬಿಟ್ಟಿದ್ದು, ಮನೆ ಬಾಗಿಲು ತೆಗೆದೇ ಇರುತ್ತೆ. ನಿಮ್ಮಪ್ಪ ಗೇಟ್ ತೆಗೆದರು. ಆ ತಪ್ಪು ಸ್ವರ ಬೆರಳಿನ ತಪ್ಪಲ್ಲ, ತಿರುವಿನಲ್ಲಿ ಅರ್ಧ ಎಣಿಕೆ ಮೊದಲೇ ಹೊರಟುಬಿಟ್ಟೆ. ತಾಳ ಹಾಕೋ ಮೆಟ್ರೊನೋಮ್ ನಿಧಾನಕ್ಕೆ ಇಟ್ಟು ಆ ಜಾಗ ಒಂದನ್ನೇ ಅಭ್ಯಾಸ ಮಾಡು.